ಸಕ್ಕರೆ ಕಾಯಿಲೆ ಮತ್ತು ನಮ್ಮ ಮನೆಯ ಕಾಳುಗಳು

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ, "ಡಾಕ್ಟರೇ, ಈ ಸಲ ಆರೋಗ್ಯದ ಬಗ್ಗೆ ನೀವು ಮಾತಾಡಬೇಕು. ಆದರೆ ಊಟ ಬಡಿಸುವ ಹೊತ್ತಿಗೆ ಮುಗಿಸಿಬಿಡಿ" ಎಂದರು. ಹಿಂದಿನ ಅಂಗಳದಿಂದ ಬಿರಿಯಾನಿಯ ಪರಿಮಳ ಬರುತ್ತಿರುವಾಗ ಊಟದ ಬಗ್ಗೆ ಉಪದೇಶ ಮಾಡುವವನ ಕಷ್ಟ ತಮಗೆ ಅರ್ಥವಾದೀತು. ಹಾಗಾಗಿ ಯಾವುದನ್ನೂ "ತಿನ್ನಬೇಡಿ" ಎನ್ನಲು ನಾನು ಬಂದಿಲ್ಲ. ಯಾವುದನ್ನು ಸ್ವಲ್ಪ ಹೆಚ್ಚು ತಿನ್ನಬಹುದು, ಅದು ಬಂದಾಗ ತಟ್ಟೆಯಲ್ಲಿ ಯಾವುದು ಸ್ವಲ್ಪ ಸರಿದು ಕೂರಬೇಕು ಎಂಬುದಷ್ಟೇ ನನ್ನ ಮಾತು.

ಮೊದಲು ಒಂದು ಶಬ್ದದ ಗೊಂದಲ ತಿಳಿಯಾಗಲಿ. ಇಂಗ್ಲಿಷ್ ಪುಸ್ತಕಗಳಲ್ಲಿ "ಸಕ್ಕರೆ ಕಾಯಿಲೆಗೆ ಬೀನ್ಸ್ ಒಳ್ಳೆಯದು" ಎಂದು ಓದಿದ ಹುಡುಗರು ಮಾರುಕಟ್ಟೆಯಿಂದ ಹಸಿರು ಬೀನ್ಸ್ ತರುತ್ತಾರೆ. ಅದು ನಮ್ಮ ಹುರುಳಿಕಾಯಿ, ತರಕಾರಿ. ಒಳ್ಳೆಯದೇ, ಆದರೆ ನಾನು ಹೇಳುವುದು ಅದನ್ನಲ್ಲ. ಒಣಗಿದ ಕಾಳುಗಳ ಬಗ್ಗೆ ಮಾತಾಡುತ್ತಿದ್ದೇನೆ: ಕಡಲೆ, ಹೆಸರುಕಾಳು, ಹುರುಳಿಕಾಳು, ಅಲಸಂದೆ, ಅವರೆ, ಬಟಾಣಿ, ಮಸೂರ, ರಾಜ್ಮಾ. ದಿನಸಿ ಅಂಗಡಿಯ ಚೀಲಗಳಲ್ಲಿ ಇರುವಂಥವು.

ಅಂಗಡಿಯ ಚೀಲಗಳ ನಡುವೆ

ಆ ಚೀಲಗಳ ನಡುವೆಯೇ ನಾನು ಬೆಳೆದವನು. ನಮ್ಮ ತಂದೆಯವರದು ಸಣ್ಣ ದಿನಸಿ ಅಂಗಡಿ. ಅವರಿಗೆ ನಲವತ್ತೈದು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಆಗ ಅವರಿಗೆ ಸಿಕ್ಕ ಸಲಹೆ ಒಂದೇ ಸಾಲಿನದು: "ಸಕ್ಕರೆ ಬಿಡಿ, ಅನ್ನ ಬಿಡಿ, ಚಪಾತಿ ತಿನ್ನಿ." ಅಬ್ಬಾ ಶಿಸ್ತಿನ ಮನುಷ್ಯ. ಬೆಳಿಗ್ಗೆ ಎರಡು ಚಪಾತಿ, ತಿಳಿಸಾರು. ಹನ್ನೊಂದು ಗಂಟೆಯ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಎದುರಿಗೇ ಗಾಜಿನ ಭರಣಿಯಲ್ಲಿ ಬಿಸ್ಕತ್ತು, ಬನ್ನು. ಗಿರಾಕಿ ಇಲ್ಲದಾಗ ಕೈ ಅತ್ತ ಹೋಗುತ್ತಿತ್ತು. ಸಂಜೆ ಮನೆಗೆ ಬಂದು, "ಇವತ್ತೂ ನನ್ನ ಕೈಯಲ್ಲಿ ಆಗಲಿಲ್ಲ" ಎಂದು ಅಮ್ಮನ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದರು. ಮನೆಯವರೆಲ್ಲ ಅದನ್ನು ಬಾಯಿಚಪಲವೆಂದು ತಿಳಿದೆವು. ಅದು ಹಸಿವು ಎಂದು ನನಗೆ ತಿಳಿದದ್ದು ವೈದ್ಯಕೀಯ ಓದಿದ ಮೇಲೆ.

ಕೆಲವು ವರ್ಷಗಳ ನಂತರ ಅವರ ಕಾಲಿಗೆ ಮೊಳೆ ಚುಚ್ಚಿತು. ನರಗಳು ಜಡವಾಗಿದ್ದರಿಂದ ನೋವೇ ತಿಳಿಯಲಿಲ್ಲ. ತಿಳಿಯುವಾಗ ಹುಣ್ಣು ಮೂಳೆ ಮುಟ್ಟಿತ್ತು. ಪಾದ ತೆಗೆಯಬೇಕಾಯಿತು. ಆಗ ನನ್ನ ಅಣ್ಣ ಎರಡನೇ ಪಿಯುಸಿ. ಓದಿನಲ್ಲಿ ನನಗಿಂತ ಚುರುಕು. ಅವನು ಪುಸ್ತಕ ಮಡಚಿಟ್ಟು ಅಂಗಡಿಯ ಗಲ್ಲಾದ ಮುಂದೆ ಕುಳಿತ. ನಾನು ಡಾಕ್ಟರಾದೆ.

ವಿದ್ಯಾಸಂಸ್ಥೆಯೊಂದರ ಸಭೆಯಲ್ಲಿ ಊಟದ ಮಾತೇಕೆ ಎಂದು ಯಾರಾದರೂ ಕೇಳಿದರೆ ಇದೇ ನನ್ನ ಉತ್ತರ. ಮನೆಯ ದುಡಿಯುವ ಕೈ ಬಿದ್ದರೆ ಮೊದಲು ನಿಲ್ಲುವುದು ಮಕ್ಕಳ ಓದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಷ್ಟೂ ಮನೆಗಳಲ್ಲಿ ಮಕ್ಕಳಿದ್ದಾರೆ ಎಂಬುದನ್ನು ನೆನಪಿಡೋಣ.

ಅನ್ನ ತಿಂದಾಗ ಏನಾಗುತ್ತದೆ?

ಅನ್ನ, ಚಪಾತಿ, ಬ್ರೆಡ್ಡು, ಕಾಳು ಎಲ್ಲದರಲ್ಲೂ ಪಿಷ್ಟವಿದೆ. ಪಿಷ್ಟವೆಂದರೆ ಗ್ಲೂಕೋಸ್ ಕಣಗಳ ಉದ್ದನೆಯ ಸರ. ಕರುಳಿನಲ್ಲಿ ಆ ಸರ ತುಂಡಾಗಿ ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಇನ್ಸುಲಿನ್ ಅದನ್ನು ಜೀವಕೋಶಗಳ ಒಳಗೆ ಕಳಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಸಾಲದು, ಅಥವಾ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಬಾಗಿಲು ಚಿಕ್ಕದು, ಹೊರಗೆ ನೂಕುನುಗ್ಗಲು. ಜನ ಒಬ್ಬೊಬ್ಬರಾಗಿ ಬಂದರೆ ಚಿಕ್ಕ ಬಾಗಿಲಿನಲ್ಲೂ ಒಳಗೆ ಹೋಗಬಹುದು. ಒಟ್ಟಿಗೇ ನುಗ್ಗಿದರೆ ಬೀದಿಯೆಲ್ಲ ಜಾತ್ರೆ. ಹಾಗಾಗಿ ಎಷ್ಟು ಗ್ಲೂಕೋಸ್ ಬರುತ್ತದೆ ಎಂಬುದರ ಜೊತೆಗೆ ಎಷ್ಟು ಬೇಗ ಬರುತ್ತದೆ ಎಂಬುದೂ ಮುಖ್ಯ.

ಇದನ್ನು ಅಳೆಯಲು ಹೊರಟವರಲ್ಲಿ ಪ್ರಮುಖರು ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು. ಬೇರೆ ಪಿಷ್ಟದ ಆಹಾರಗಳಿಗೆ ಹೋಲಿಸಿದರೆ ಒಣಕಾಳು ತಿಂದಾಗ ರಕ್ತದ ಸಕ್ಕರೆ ಬಹಳ ಕಡಿಮೆ ಏರುತ್ತದೆ ಎಂದು 1980ರಲ್ಲಿ ಅವರು ತೋರಿಸಿದರು. ಮರುವರ್ಷ, 1981ರಲ್ಲಿ, ಟೊರಾಂಟೊದಿಂದ 62 ಆಹಾರಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಗ್ಲೈಸೆಮಿಕ್ ಸೂಚ್ಯಂಕ ಎಂಬ ಮಾತು ಬಳಕೆಗೆ ಬಂದದ್ದು ಅಲ್ಲಿಂದ. ಶುದ್ಧ ಗ್ಲೂಕೋಸಿಗೆ 100 ಎಂದು ಇಟ್ಟುಕೊಂಡರೆ, ಅಷ್ಟೇ ಶರ್ಕರಪಿಷ್ಟವುಳ್ಳ ಬೇರೆ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಲೆಕ್ಕ ಅದು. 2008ರ ಅಂತರರಾಷ್ಟ್ರೀಯ ಪಟ್ಟಿಯ ಸರಾಸರಿಗಳು ಹೀಗಿವೆ: ಬಿಳಿ ಬ್ರೆಡ್ಡು 75, ಬಿಳಿ ಅನ್ನ 73, ಚಪಾತಿ 52, ಮಸೂರದಂಥ ಬೇಳೆ 32, ಕಡಲೆ 28, ರಾಜ್ಮಾ 24. ಅಕ್ಕಿಯ ತಳಿ, ಬೇಯಿಸುವ ರೀತಿ, ತಿನ್ನುವ ಮನುಷ್ಯ, ಇವುಗಳಿಂದ ಅಂಕಿ ಏರುಪೇರಾಗುತ್ತದೆ. ಆದರೂ ಎರಡು ಗುಂಪುಗಳ ನಡುವಿನ ಅಂತರ ಕಣ್ಣಿಗೆ ಕಟ್ಟುವಂತಿದೆ.

ನಮಗೆ ಇನ್ನೂ ಹತ್ತಿರದ ಪ್ರಯೋಗವೊಂದಿದೆ. ನಾವು ಕಾಳನ್ನು ಒಂಟಿಯಾಗಿ ತಿನ್ನುವುದಿಲ್ಲ, ಅನ್ನದ ಜೊತೆ ತಿನ್ನುತ್ತೇವೆ. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡನೇ ಬಗೆಯ ಮಧುಮೇಹವಿದ್ದ 17 ಜನರಿಗೆ ಒಂದು ದಿನ ಬರಿಯ ಬಿಳಿ ಅನ್ನ, ಬೇರೆ ದಿನಗಳಲ್ಲಿ ರಾಜ್ಮಾ ಮತ್ತು ಅದರ ಜಾತಿಯ ಇನ್ನೆರಡು ಕಾಳುಗಳನ್ನು ಸೇರಿಸಿದ ಅನ್ನ ಕೊಟ್ಟರು. ಎಲ್ಲ ಊಟದಲ್ಲೂ ದೇಹಕ್ಕೆ ಸಿಗುವ ಶರ್ಕರಪಿಷ್ಟ 50 ಗ್ರಾಂ, ಒಂದೇ ಸಮ. ಕಾಳು ಸೇರಿದ ದಿನ, ಊಟವಾಗಿ ಒಂದೂವರೆ ಗಂಟೆಯ ನಂತರ ಅಳೆದಾಗ ಸಕ್ಕರೆ ಕಡಿಮೆ ಇತ್ತು. ಎರಡು, ಎರಡೂವರೆ ಗಂಟೆಗೂ ಹಾಗೆಯೇ ಇತ್ತು.

ಹಾಗಾದರೆ ದಿನವೂ ತಿಂದರೆ? ಅದೇ 2012ರಲ್ಲಿ ಜೆಂಕಿನ್ಸ್ ತಂಡ ಇನ್ನೊಂದು ಫಲಿತಾಂಶ ಕೊಟ್ಟಿತು. ಮಧುಮೇಹವಿದ್ದ 121 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಕನಿಷ್ಠ ಒಂದು ಕಪ್ ಬೆಂದ ಕಾಳು ತಿನ್ನಲು, ಇನ್ನೊಂದಕ್ಕೆ ತವುಡಿನ ಸಮೇತ ಗೋಧಿಯ ಪದಾರ್ಥ ಹೆಚ್ಚಿಸಲು ಹೇಳಿದರು. ಮೂರು ತಿಂಗಳ ನಂತರ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, ಕಾಳಿನ ಗುಂಪಿನಲ್ಲಿ 0.5, ಗೋಧಿಯ ಗುಂಪಿನಲ್ಲಿ 0.3 ಇಳಿದಿತ್ತು. ಕಾಳು ತಿಂದವರ ರಕ್ತದೊತ್ತಡವೂ ತುಸು ತಗ್ಗಿತ್ತು.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. 0.5 ಎಂಬುದು ಪವಾಡವಲ್ಲ. ಮೆಟ್‌ಫಾರ್ಮಿನ್‌ನಂಥ ಮಾತ್ರೆ ಸಾಮಾನ್ಯವಾಗಿ ಒಂದರಷ್ಟು ಇಳಿಸುತ್ತದೆ. ಕಾಳು ಮಾತ್ರೆಯ ಜೊತೆಗಾರ, ಮಾತ್ರೆಯ ಬದಲಿಯಲ್ಲ. "ಹುರುಳಿ ಕಷಾಯ ಕುಡಿಯಿರಿ, ಇನ್ಸುಲಿನ್ ಬಿಡಿ" ಎನ್ನುವವರ ಮಾತು ಕೇಳಿ, ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಬಂದವರನ್ನು ನಾನು ಕಂಡಿದ್ದೇನೆ.

ಕಾಳಿನ ಒಳಗುಟ್ಟು

ವಿದ್ಯಾರ್ಥಿಗಳು "ಏಕೆ ಹೀಗೆ?" ಎಂದು ಕೇಳಬೇಕು. ಬೆಂದ ಕಡಲೆಯೊಂದನ್ನು ಬೆರಳಲ್ಲಿ ಹಿಸುಕಿದರೆ ಅದು ಅನ್ನದಂತೆ ಅಂಟಾಗುವುದಿಲ್ಲ, ಮರಳುಮರಳಾಗುತ್ತದೆ. ಅಲ್ಲಿನ ಪಿಷ್ಟ ಗಟ್ಟಿ ಗೋಡೆಯ ಜೀವಕೋಶಗಳ ಒಳಗೆ ಬಂದಿಯಾಗಿದೆ. ಬೇಯಿಸಿದರೂ ಆ ಗೋಡೆಗಳು ಬಹುಪಾಲು ಉಳಿಯುತ್ತವೆ. ಜೀರ್ಣರಸ ಗೋಡೆ ದಾಟಿ ಒಳಗೆ ಹೋಗಲು ಹೊತ್ತು ಹಿಡಿಯುತ್ತದೆ. ಜೊತೆಗೆ ಕಾಳಿನಲ್ಲಿ ಅಮೈಲೋಸ್ ಎಂಬ, ನಿಧಾನವಾಗಿ ಜೀರ್ಣವಾಗುವ ಪಿಷ್ಟದ ಪಾಲು ಹೆಚ್ಚು. ನಾರಿನಂಶವೂ ಪ್ರೊಟೀನೂ ಸೇರಿಕೊಂಡಿವೆ.

ಅಳತೆಯಲ್ಲಿ ಹೇಳುವುದಾದರೆ, ಅರ್ಧ ಕಪ್ ಬೆಂದ ಕಾಬೂಲಿ ಕಡಲೆ ಮತ್ತು ಅರ್ಧ ಕಪ್ ಅನ್ನದಲ್ಲಿ ಒಟ್ಟು ಶರ್ಕರಪಿಷ್ಟ ಹೆಚ್ಚುಕಡಿಮೆ ಒಂದೇ, 22 ಗ್ರಾಂ. ಆದರೆ ಕಡಲೆಯ ಆ 22 ಗ್ರಾಂನಲ್ಲಿ 6 ಗ್ರಾಂ ನಾರು. ಅದು ಗ್ಲೂಕೋಸ್ ಆಗುವುದೇ ಇಲ್ಲ. ಅನ್ನದಲ್ಲಿ ನಾರು ಅರ್ಧ ಗ್ರಾಂ ಕೂಡ ಇಲ್ಲ. ಪ್ರೊಟೀನು ಕಡಲೆಯಲ್ಲಿ 7 ಗ್ರಾಂ, ಅನ್ನದಲ್ಲಿ 2 ಗ್ರಾಂ.

ಈ ಗುಟ್ಟು ತಿಳಿದರೆ ಇನ್ನೊಂದು ಸಂಗತಿ ತಾನಾಗಿ ಹೊಳೆಯುತ್ತದೆ. ಗೋಡೆಯೇ ಕಾವಲು ಎಂದಮೇಲೆ ಗೋಡೆ ಒಡೆದರೆ ಕಾವಲು ಹೋಯಿತು. ಇಡೀ ಕಾಳು ಎಲ್ಲಕ್ಕಿಂತ ಉತ್ತಮ, ನಂತರ ಬೇಳೆ, ಕೊನೆಗೆ ನುಣ್ಣಗೆ ಬೀಸಿದ ಹಿಟ್ಟು. ಕಡಲೆಹಿಟ್ಟಿನ ಬಜ್ಜಿ, ಖಾರಾಸೇವು ತಿಂದು "ನಾನೂ ಕಡಲೆಯನ್ನೇ ತಿಂದೆ" ಎಂದರೆ ನಡೆಯದು. ಅಲ್ಲಿ ಗೋಡೆಯೂ ಇಲ್ಲ, ಮೇಲೆ ಎಣ್ಣೆಯ ಭಾರ ಬೇರೆ.

ನಮ್ಮ ಗೋರಿಕಾಯಿಯ ಬಗ್ಗೆಯೂ ಒಂದು ಮಾತು. ಅದರ ಬೀಜದಿಂದ ತೆಗೆಯುವ ಗೋರಿನ ಅಂಟನ್ನು ಊಟದ ಜೊತೆ ಕೊಟ್ಟು, ಊಟದ ನಂತರದ ಸಕ್ಕರೆ ತಗ್ಗುವುದನ್ನು ಜೆಂಕಿನ್ಸ್ 1976ರಲ್ಲೇ ತೋರಿಸಿದ್ದರು. ನಾವು ಮೂಗು ಮುರಿಯುವ ತರಕಾರಿಯ ಜಾತಿಯದೇ ಅದು.

ಮುಂದಿನ ಊಟಕ್ಕೂ ಕಾವಲು

ನನಗೆ ಬಹಳ ಇಷ್ಟವಾದ ಸಂಗತಿ ಇದು. 1982ರಲ್ಲಿ ಆರೋಗ್ಯವಂತರಿಗೆ ಬೆಳಗಿನ ತಿಂಡಿಯಾಗಿ ಒಂದು ದಿನ ಮಸೂರದ ಕಾಳು, ಇನ್ನೊಂದು ದಿನ ಗೋಧಿ ಬ್ರೆಡ್ಡು ಕೊಟ್ಟರು. ನಾಲ್ಕು ಗಂಟೆಯ ನಂತರ ಎಲ್ಲರಿಗೂ ಒಂದೇ ಬಗೆಯ ಮಧ್ಯಾಹ್ನದ ಊಟ. ಬೆಳಿಗ್ಗೆ ಕಾಳು ತಿಂದ ದಿನ ಮಧ್ಯಾಹ್ನದ ಊಟದ ನಂತರವೂ ಸಕ್ಕರೆ ಕಡಿಮೆ ಏರಿತು. ಕಾಳು ಹೋಗಿಬಿಟ್ಟರೂ ಅದರ ಉಪಕಾರ ಉಳಿದಿತ್ತು. ಇದಕ್ಕೆ ಎರಡನೇ ಊಟದ ಪರಿಣಾಮ ಎನ್ನುತ್ತಾರೆ. ರಾತ್ರಿ ನಿಧಾನವಾಗಿ ಜೀರ್ಣವಾಗುವ ಆಹಾರ ತಿಂದರೆ ಮರುದಿನ ಬೆಳಗಿನ ತಿಂಡಿಯ ಮೇಲೂ ಹೀಗೆಯೇ ಆಗುತ್ತದೆಂದು 1988ರ ಅಧ್ಯಯನವೊಂದು ಕಂಡುಕೊಂಡಿತು.

ಗ್ಲೂಕೋಸ್ ನಿಧಾನವಾಗಿ ಬರುವುದು ಇದಕ್ಕೆ ಒಂದು ಕಾರಣ. ಇನ್ನೊಂದು, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಭಾಗ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕೊಬ್ಬಿನ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಇವು ರಕ್ತಕ್ಕೆ ಸೇರಿ ಸಕ್ಕರೆಯ ಹತೋಟಿಗೆ ನೆರವಾಗುತ್ತವೆ.

ಹಸಿವಿನ ಲೆಕ್ಕ

ಈಗ ನಮ್ಮ ತಂದೆಯವರ ಹನ್ನೊಂದು ಗಂಟೆಯ ಹಸಿವಿಗೆ ಬರೋಣ. ಸಕ್ಕರೆ ಕಾಯಿಲೆಯ ಹಸಿವು ವಿಚಿತ್ರವಾದದ್ದು. ರಕ್ತದಲ್ಲಿ ಗ್ಲೂಕೋಸ್ ತುಂಬಿ ತುಳುಕುತ್ತಿದ್ದರೂ ಜೀವಕೋಶದ ಒಳಗೆ ಬರಗಾಲ. ಆದ್ದರಿಂದ ತಿಂದಷ್ಟೂ ಹಸಿವು. ಇನ್ನೊಂದು ಕಡೆ, ಕೆಲವು ಮಾತ್ರೆ ಅಥವಾ ಇನ್ಸುಲಿನ್‌ನಿಂದ ಸಕ್ಕರೆ ತೀರಾ ಇಳಿದರೆ ನಡುಕ, ಬೆವರು, ತಾಳಲಾರದ ಹಸಿವು. ರೋಗಿಯನ್ನು "ನಾಲಿಗೆ ಹಿಡಿತದಲ್ಲಿಡು" ಎಂದು ಗದರುವ ಮೊದಲು ಮನೆಯವರು ಇದನ್ನು ಅರಿಯಬೇಕು.

ಕಾಳು ತಿಂದರೆ ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಇರುತ್ತದೆ. ಅಗಿಯಲು ಸಮಯ ಬೇಕು, ಪ್ರೊಟೀನು ಮತ್ತು ನಾರು ಇವೆ. ಜೊತೆಗೆ ಆಹಾರ ಕರುಳಿನ ಕೆಳಭಾಗದವರೆಗೂ ತಲುಪಿದಾಗ ಅಲ್ಲಿನ ಕೋಶಗಳು ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳ ಮೂಲಕ ಮಿದುಳಿಗೆ "ಸಾಕು" ಎಂಬ ಸುದ್ದಿ ಕಳಿಸುತ್ತವೆ. ಈಗ ಹೆಸರು ಮಾಡಿರುವ ಸೆಮಗ್ಲುಟೈಡ್ ಎಂಬ ಔಷಧ ಇದೇ ಜಿಎಲ್‌ಪಿ-1ರ ಕೆಲಸವನ್ನು ಅನುಕರಿಸುತ್ತದೆ. ಆದರೆ ಔಷಧದ ಬಲ ಕಾಳಿಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಎಷ್ಟು ಹೊಟ್ಟೆ ತುಂಬುತ್ತದೆ? ಒಂಬತ್ತು ಪ್ರಯೋಗಗಳ ಒಟ್ಟು 126 ಜನರ ವಿವರ ಸೇರಿಸಿ 2014ರಲ್ಲಿ ಲೆಕ್ಕ ಹಾಕಿದಾಗ, ಕಾಳುಬೇಳೆಯ ಊಟದ ನಂತರದ ತೃಪ್ತಿ ಹೋಲಿಕೆಯ ಊಟಕ್ಕಿಂತ ಶೇ. 31ರಷ್ಟು ಹೆಚ್ಚಿತ್ತು. ಆದರೆ ಮುಂದಿನ ಊಟದಲ್ಲಿ ಅವರು ತಿಂದ ಪ್ರಮಾಣ ಗಮನಾರ್ಹವಾಗಿ ಕಡಿಮೆಯಾಗಿರಲಿಲ್ಲ! ಇದರ ಅರ್ಥ ನಮಗೆಲ್ಲ ಗೊತ್ತಿದೆ. ಹೊಟ್ಟೆ ತುಂಬಿದ್ದರೂ ತಟ್ಟೆಯಲ್ಲಿ ಬಡಿಸಿದ್ದನ್ನು ನಾವು ಬಿಡುವುದಿಲ್ಲ. ಅದರಿಂದಾಗಿ ತೂಕದ ಮೇಲಿನ ಪರಿಣಾಮವೂ ಸಣ್ಣದೇ. 21 ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ ಅದು ಮೂರನೇ ಒಂದು ಕಿಲೋದಷ್ಟು. ಕಾಳು ಹಸಿವನ್ನು ಸಮಾಧಾನಪಡಿಸೀತು. ಸೌಟು ಹಿಡಿದ ಕೈಯನ್ನು ನಾವೇ ತಡೆಯಬೇಕು.

ಸೇರಿಸುವುದಲ್ಲ, ಬದಲಿಸುವುದು

ಇಂದಿನ ಮಾತುಗಳಲ್ಲಿ ಒಂದನ್ನಷ್ಟೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಎಂದಿನಷ್ಟೇ ಅನ್ನ ತಿಂದು, ಅದರ ಮೇಲೆ ಒಂದು ಬಟ್ಟಲು ಕಾಳು ತಿಂದರೆ ಸಕ್ಕರೆ ಇಳಿಯುವುದಿಲ್ಲ, ಏರಬಹುದು. ಕಾಳಿನಲ್ಲೂ ಪಿಷ್ಟವಿದೆ. ಆ ಪ್ರಯೋಗದಲ್ಲಿ ಅನ್ನದ ಪಾಲನ್ನು ಕಡಿಮೆ ಮಾಡಿ ಕಾಳು ಸೇರಿಸಿದ್ದರು ಎಂಬುದನ್ನು ಮರೆಯಬಾರದು. ಕೋಸ್ಟರಿಕಾ ದೇಶದ ಜನ ನಮ್ಮ ಹಾಗೆಯೇ ಅನ್ನ-ಕಾಳಿನವರು. ಅಲ್ಲಿನ 2011ರ ಅಧ್ಯಯನದ ಪ್ರಕಾರ, ದಿನಕ್ಕೆ ಒಂದು ಪಾಲು ಬಿಳಿ ಅನ್ನದ ಬದಲು ಕಾಳು ತಿನ್ನುವವರಲ್ಲಿ ಹೊಟ್ಟೆಯ ಬೊಜ್ಜು, ರಕ್ತದೊತ್ತಡ, ಸಕ್ಕರೆ ಇವೆಲ್ಲ ಒಟ್ಟಾಗಿ ಕಾಡುವ ಮೆಟಬಾಲಿಕ್ ಸಿಂಡ್ರೋಮ್‌ನ ಸಾಧ್ಯತೆ ಶೇ. 35ರಷ್ಟು ಕಡಿಮೆ. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ದಾರಿ ಯಾವ ಕಡೆಗಿದೆ ಎಂಬುದು ಕಾಣುತ್ತದೆ.

ನಮ್ಮ ಮನೆಗಳಲ್ಲಿ ಇದನ್ನು ಹೇಗೆ ಮಾಡಬಹುದು?

ಎರಡು ಸೌಟು ಅನ್ನ ತಿನ್ನುವವರು ಒಂದು ಸೌಟು ಅನ್ನ, ಒಂದು ಸೌಟು ಗಟ್ಟಿ ಕಾಳು ಎಂದು ಮಾಡಿಕೊಳ್ಳಿ. ತಿಳಿಸಾರಿನಲ್ಲಿ ನಾಲ್ಕು ಕಾಳು ಈಜಾಡಿದರೆ ಸಾಲದು. ಮೊಳಕೆ ಹೆಸರುಕಾಳಿನ ಉಸಲಿ, ಅಲಸಂದೆ ಪಲ್ಯ, ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಬಸಿದ ಕಾಳನ್ನೂ ತಿನ್ನುವುದು, ಕರಾವಳಿಯವರ ಕಡಲೆ ಗಸಿ, ಚಳಿಗಾಲದಲ್ಲಿ ಅವರೆಕಾಳು, ಎಲ್ಲವೂ ನಮ್ಮದೇ. ಹೊಸ ಅಡುಗೆ ಕಲಿಯಬೇಕಿಲ್ಲ.

ಮದುವೆ ಊಟದ ದಾಲ್ಚಾವನ್ನೇ ನೋಡಿ. ಕಡಲೆಬೇಳೆ, ಸೋರೆಕಾಯಿ, ನಾಲ್ಕು ತುಂಡು ಮಾಂಸ. ಕುಷ್ಕಾದ ಗುಡ್ಡಕ್ಕೆ ಒಂದು ಚಮಚ ದಾಲ್ಚಾ ಹಾಕಿಕೊಳ್ಳುವುದು ನಮ್ಮ ರೂಢಿ. ಅದನ್ನು ತಿರುಗಿಸಿ; ದಾಲ್ಚಾ ಬಟ್ಟಲಲ್ಲಿ, ಕುಷ್ಕಾ ಚಮಚದಲ್ಲಿ. ಇವತ್ತಿನ ಊಟದಲ್ಲೂ ದಾಲ್ಚಾ ಇದೆ ಎಂದು ಕೇಳಿದೆ. ನನ್ನ ತಟ್ಟೆಯನ್ನು ತಾವು ಪರೀಕ್ಷಿಸಬಹುದು.

ರಂಜಾನ್ ತಿಂಗಳಲ್ಲಿ ಇಫ್ತಾರಿಗೆ ಕಡಲೆ ಉಸಲಿ ಮಾಡುವ ಮನೆಗಳು ಬಹಳ. ಅದು ಶರಬತ್ತು, ಸಮೋಸಾಗಳ ನಡುವೆ ಮೂಲೆಯಲ್ಲಿರುತ್ತದೆ. ಅದನ್ನು ನಡುವಿಗೆ ತನ್ನಿ. ಸಹರಿಯಲ್ಲೂ ಬರಿಯ ಅನ್ನ ಅಥವಾ ಬ್ರೆಡ್ಡಿಗಿಂತ ಕಾಳು ಸೇರಿದ ಊಟ ಹೆಚ್ಚು ಹೊತ್ತು ಕಾಯುತ್ತದೆ. ಆದರೆ ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬಹುದೇ, ಮಾತ್ರೆಯ ಹೊತ್ತು ಹೇಗೆ ಬದಲಿಸಬೇಕು ಎಂಬುದನ್ನು ಆರರಿಂದ ಎಂಟು ವಾರ ಮೊದಲೇ ವೈದ್ಯರಲ್ಲಿ ಕೇಳಬೇಕು. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಮುಂದುವರಿಸುವುದು ಅಪಾಯ, ಕೂಡಲೇ ನಿಲ್ಲಿಸಬೇಕು.

ಎಚ್ಚರಿಕೆಯ ನಾಲ್ಕು ಮಾತು

ಒಂದು: ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಲವಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಬೇಡಿ. ವೈದ್ಯರಿಗೆ ತಿಳಿಸಿ, ಸಕ್ಕರೆ ಪರೀಕ್ಷಿಸುತ್ತ ನಿಧಾನವಾಗಿ ಬದಲಿಸಿ. ಸಕ್ಕರೆ ತೀರಾ ಇಳಿದು ನಡುಕ ಬಂದಾಗ ಕಾಳು ಕೊಡಬೇಡಿ. ಅದರ ನಿಧಾನಗುಣವೇ ಆಗ ಶತ್ರು. ಆ ಹೊತ್ತಿಗೆ ಬೇಕಾದದ್ದು ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಎರಡು: ಮೂತ್ರಪಿಂಡಕ್ಕೆ ತೊಂದರೆಯಾಗಿರುವವರಿಗೆ ಪ್ರೊಟೀನು, ಪೊಟ್ಯಾಸಿಯಂ, ರಂಜಕಗಳ ಮಿತಿ ಇರುತ್ತದೆ. ಅವರು ವೈದ್ಯರನ್ನು ಕೇಳದೆ ಕಾಳು ಹೆಚ್ಚಿಸಬಾರದು.

ಮೂರು: ರಾಜ್ಮಾವನ್ನು ಅರೆಬೆಂದದ್ದಾಗಿ ತಿನ್ನಬಾರದು. ಹಸಿ ರಾಜ್ಮಾದಲ್ಲಿ ವಾಂತಿಭೇದಿ ಮಾಡಿಸುವ ವಿಷಾಂಶವಿದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಭಯವಿಲ್ಲ.

ನಾಲ್ಕು: ಎಲ್ಲರೂ ಮನಸ್ಸಿನಲ್ಲಿ ಕೇಳುತ್ತಿರುವ ಪ್ರಶ್ನೆ, ವಾಯು! ಈ ಬಗ್ಗೆಯೂ ಅಮೆರಿಕದಲ್ಲಿ 2011ರಲ್ಲಿ ವರದಿಯೊಂದು ಬಂದಿದೆ. ದಿನಕ್ಕೆ ಅರ್ಧ ಕಪ್ ಕಾಳು ತಿಂದವರಲ್ಲಿ ಮೊದಲ ವಾರ ತೊಂದರೆ ಹೆಚ್ಚಾಯಿತೆಂದವರು ಅರ್ಧದಷ್ಟೂ ಇರಲಿಲ್ಲ. ಅಲಸಂದೆ ತಿಂದವರಲ್ಲಂತೂ ಐವರಲ್ಲಿ ಒಬ್ಬರಷ್ಟೇ. ವಾರಗಳು ಕಳೆದಂತೆ ಹೆಚ್ಚಿನವರಿಗೆ ಅದೂ ಕಡಿಮೆಯಾಯಿತು. ಹಾಗಾಗಿ ಎರಡು ಚಮಚದಿಂದ ಆರಂಭಿಸಿ, ನೆನೆಸಿದ ನೀರು ಚೆಲ್ಲಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿ. ನಮ್ಮ ಅಜ್ಜಿಯರು ಹಾಕುತ್ತಿದ್ದ ಶುಂಠಿ, ಇಂಗು, ಜೀರಿಗೆ ರುಚಿಗಂತೂ ಬೇಕು.

ವಿದ್ಯಾರ್ಥಿಗಳಿಗೆ ಒಂದು ಮನೆಪಾಠ

ನನ್ನ ಮಾತನ್ನು ನಂಬಬೇಡಿ, ಪರೀಕ್ಷಿಸಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದು, ಸಕ್ಕರೆ ಅಳೆಯುವ ಯಂತ್ರವಿದ್ದರೆ, ಅವರ ಒಪ್ಪಿಗೆ ಪಡೆದು ಎರಡು ದಿನದ ಲೆಕ್ಕ ಬರೆಯಿರಿ. ಮೊದಲ ದಿನ ಎಂದಿನ ಊಟ. ಇನ್ನೊಂದು ದಿನ ಅದೇ ಹೊತ್ತಿಗೆ, ಅದೇ ಮಾತ್ರೆಯೊಂದಿಗೆ, ಅನ್ನದ ಮೂರನೇ ಒಂದು ಪಾಲಿನ ಬದಲು ಅಷ್ಟೇ ಕಾಳು. ಎರಡೂ ದಿನ ಊಟಕ್ಕೆ ಮೊದಲು ಮತ್ತು ಊಟ ಆರಂಭಿಸಿ ಎರಡು ಗಂಟೆಗೆ ಅಳೆಯಿರಿ. "ಹಸಿವು ಮತ್ತೆ ಎಷ್ಟು ಹೊತ್ತಿಗೆ ಆಯಿತು?" ಎಂಬುದನ್ನೂ ಕೇಳಿ ಬರೆದಿಡಿ. ಒಂದೇ ಸಲದ ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ. ಎರಡು ಮೂರು ಸಲ ನೋಡಿ, ಆ ಚೀಟಿಯನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ನಾನು ಬರೆದುಕೊಡುವ ಆಹಾರದ ಪಟ್ಟಿಗಿಂತ ಮೊಮ್ಮಗಳು ಬರೆದ ಆ ಚೀಟಿಯ ಮಾತನ್ನು ಅಜ್ಜ ಬೇಗ ಕೇಳುತ್ತಾರೆ.

ಕೊನೆಯದಾಗಿ ಮತ್ತೆ ನಮ್ಮ ಅಂಗಡಿಗೆ ಬರುತ್ತೇನೆ. ಅಬ್ಬಾ ಕಾಳು ತಿಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಸರಿಯಾದ ಔಷಧ, ಪಾದಗಳ ಆರೈಕೆ, ಕಾಲಕಾಲಕ್ಕೆ ತಪಾಸಣೆ ಎಲ್ಲವೂ ಬೇಕಿತ್ತು. ಆದರೆ ದಿನವಿಡೀ ಪಾವು, ಸೇರಿನಲ್ಲಿ ಊರಿಗೆಲ್ಲ ಕಡಲೆ, ಹೆಸರು, ಹುರುಳಿ ಅಳೆದು ಕೊಟ್ಟ ಮನುಷ್ಯ, ತನ್ನ ಹಸಿವಿಗೆ ಮಾತ್ರ ಬಿಸ್ಕತ್ತಿನ ಭರಣಿಗೆ ಕೈಹಾಕಿ ಸಂಜೆ ನಾಚಿಕೆಪಟ್ಟುಕೊಳ್ಳುತ್ತಿದ್ದರು. "ಒಂದು ಹಿಡಿ ಕಡಲೆ ಬೇಯಿಸಿಟ್ಟುಕೊಳ್ಳಿ, ಅದು ತಪ್ಪಲ್ಲ" ಎಂದು ಹೇಳುವವರು ಯಾರೂ ಇರಲಿಲ್ಲ.

ಆ ಅಂಗಡಿಯನ್ನು ಈಗಲೂ ಅಣ್ಣನೇ ನಡೆಸುತ್ತಾನೆ. ಅವನಿಗೂ ಐದಾರು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಅತ್ತಿಗೆ ಸ್ಟೀಲಿನ ಡಬ್ಬಿಯಲ್ಲಿ ಕಡಲೆ ಅಥವಾ ಹೆಸರುಕಾಳಿನ ಉಸಲಿ ಕಟ್ಟಿಕೊಡುತ್ತಾರೆ. ಹನ್ನೊಂದು ಗಂಟೆಗೆ ಅವನು ಅದನ್ನು ಗಲ್ಲಾದ ಮೇಲೆಯೇ ತೆರೆದು ತಿನ್ನುತ್ತಾನೆ, ಯಾರಿಗೂ ಬಚ್ಚಿಡುವುದಿಲ್ಲ. ಮಾತ್ರೆ ತಪ್ಪಿಸುವುದಿಲ್ಲ. ಅವನ ಮಗಳು ಈ ವರ್ಷ ಎರಡನೇ ಪಿಯುಸಿ ಮುಗಿಸಿ ಕಾಲೇಜು ಸೇರಿದಳು.

 ಊಟಕ್ಕೆ ಕರೆ ಬಂದಿದೆ. ದಾಲ್ಚಾ ಬಡಿಸುವವರು ನನ್ನ ಕಡೆಗೆ ಮೊದಲು ಬರಲಿ.